ನೊಂದವರ ಮನೆಯ ದಾರಿ



ತಂದೆತಾಯಿಯ ನೆನಪಿಗೆ ಕಲ್ಲು ನೆಡಿಸುವವರಿದ್ದಾರೆ, ಮಂಟಪ ಕಟ್ಟಿಸುವವರಿದ್ದಾರೆ. ವರ್ಷಕ್ಕೊಮ್ಮೆ ಧರ್ಮದ ಮಾತು ಊರಿನ ನಾಲ್ಕು ಜನರ ಮುಂದೆ ನಡೆಯಲಿ ಎಂದು ದತ್ತಿ ಇಟ್ಟವರು ಈ ಉಪನ್ಯಾಸದ ಹಿಂದಿರುವ ಕುಟುಂಬದವರು.

ನಾನು ಆರಿಸಿಕೊಂಡ ವಿಷಯ ಹಳೆಯದು. ತಪ್ಪು ಮಾಡಿದ ಮನುಷ್ಯ ದೇವರ ಬಳಿಗೆ ಮರಳುವುದು ಹೇಗೆ? ಪಶ್ಚಾತ್ತಾಪಪಡು, ಮನಸಾರೆ ಪ್ರಾರ್ಥಿಸು ಎಂದು ಹೆಚ್ಚಿನ ಧರ್ಮಗಳು ಹೇಳುತ್ತವೆ. ಈ ಉತ್ತರವನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ನಾವು ಅದನ್ನು ನಡೆಸುವ ರೀತಿಯಲ್ಲಿ ನಡುವೆ ಒಬ್ಬರು ಕಾಣೆಯಾಗಿರುತ್ತಾರೆ. ನಮ್ಮ ತಪ್ಪಿನಿಂದ ಯಾರು ನೊಂದರೋ ಅವರು. ನಾನುಂಟು, ದೇವರುಂಟು, ನಮ್ಮಿಬ್ಬರ ನಡುವಿನ ಲೆಕ್ಕವುಂಟು ಎಂದು ತಿಳಿದು ನೊಂದವರನ್ನು ಪಕ್ಕಕ್ಕೆ ಸರಿಸಿಬಿಡುತ್ತೇವೆ. ಮನುಷ್ಯರಿಗೆ ಮಾಡಿದ ಅನ್ಯಾಯದಿಂದ ದೇವರತ್ತ ಮರಳುವ ದಾರಿ ಆ ಮನುಷ್ಯರ ಮನೆಯ ಮುಂದೆಯೇ ಹಾದುಹೋಗುತ್ತದೆ, ಬಳಸುದಾರಿ ಇಲ್ಲ ಎಂಬುದು ಇವತ್ತು ನಾನು ಹೇಳಬೇಕೆಂದಿರುವ ಒಂದೇ ಮಾತು. ಪ್ರಾರ್ಥನೆ ಆ ಮನೆಯ ತನಕ ನಮ್ಮನ್ನು ನಡೆಸುವ ಬಲ.

1. ತಪ್ಪು ಕಾಣಿಕೆ

ನಮ್ಮ ಮನೆಗಳಲ್ಲಿ ತಪ್ಪು ಕಾಣಿಕೆ ಎಂಬ ಪದ್ಧತಿ ಇದೆ. ಹೊತ್ತ ಹರಕೆ ಮರೆತುಹೋದಾಗ, ದೇವರ ಮೇಲೆ ಆಣೆಯಿಟ್ಟು ಮಾತು ತಪ್ಪಿದಾಗ ಹಿರಿಯರು ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಪಟದ ಮುಂದೆ ಇಡುತ್ತಾರೆ. ಅನುಕೂಲವಾದಾಗ ಕ್ಷೇತ್ರಕ್ಕೆ ಹೋಗಿ ಅದನ್ನು ಹುಂಡಿಗೆ ಹಾಕಿ, ತಪ್ಪಾಯಿತು ಸ್ವಾಮಿ ಎಂದು ಕೈಮುಗಿದು ಬರುತ್ತಾರೆ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆ ಸಣ್ಣ ಗಂಟು ದೇವರ ಗೂಡಿನಲ್ಲಿ ಇರುವಷ್ಟು ದಿನವೂ ಮನೆಮಂದಿಗೆಲ್ಲ ತಪ್ಪಿನ ನೆನಪು ಇರುತ್ತದೆ. ತಪ್ಪನ್ನು ಮರೆಯಬಾರದು, ಅದಕ್ಕೊಂದು ಬಾಕಿ ಇದೆ ಎಂಬ ಅರಿವೇ ಧರ್ಮದ ಮೊದಲ ಪಾಠ.

ಆದರೆ ಬದುವಿನ ಕಲ್ಲನ್ನು ಪಕ್ಕದವರ ಹೊಲದೊಳಕ್ಕೆ ಸರಿಸಿದವನ ಬಾಕಿ ಯಾರಿಗೆ? ತಂಗಿಯ ಪಾಲಿನ ಆಸ್ತಿಯನ್ನು ಸಹಿ ಹಾಕಿಸಿಕೊಂಡು ನುಂಗಿದ ಅಣ್ಣನ ಬಾಕಿ, ಆಳುಗಳ ಕೂಲಿ ಮುರಿದುಕೊಂಡ ಧಣಿಯ ಬಾಕಿ ಯಾರಿಗೆ? ಇಂಥವರೂ ಕ್ಷೇತ್ರಕ್ಕೆ ಹೋಗುತ್ತಾರೆ, ಉರುಳುಸೇವೆ ಮಾಡುತ್ತಾರೆ, ದೊಡ್ಡ ಮೊತ್ತವನ್ನೇ ಹುಂಡಿಗೆ ಹಾಕುತ್ತಾರೆ. ಕಣ್ಣೀರೂ ಬರುತ್ತದೆ, ಅದು ನಾಟಕವೆಂದು ನಾನು ಹೇಳಲಾರೆ. ಆದರೆ ಅವರು ಊರಿಗೆ ಮರಳಿದಾಗ ಬದುವಿನ ಕಲ್ಲು ಇಟ್ಟಲ್ಲೇ ಇರುತ್ತದೆ.

ನಮ್ಮ ಧರ್ಮಶಾಸ್ತ್ರಕಾರರು ಈ ಬಗೆಯ ಶುದ್ಧಿಯನ್ನು ಒಪ್ಪಿದವರಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ನಮ್ಮ ನ್ಯಾಯಾಲಯಗಳು ಆಸ್ತಿ ಹಂಚಿಕೆಗಾಗಿ ನೆನೆಯುತ್ತವೆ. ಆ ಸ್ಮೃತಿಯ ಮೂರು ಅಧ್ಯಾಯಗಳಲ್ಲಿ ಕೊನೆಯದರ ಹೆಸರೇ ಪ್ರಾಯಶ್ಚಿತ್ತಾಧ್ಯಾಯ. ಮನುಸ್ಮೃತಿಯ 11ನೆಯ ಅಧ್ಯಾಯವೂ ಪಾಪದಿಂದ ಬಿಡುಗಡೆಗೆ ಹೇಳುವ ದಾರಿಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳುವುದನ್ನೂ ಪಶ್ಚಾತ್ತಾಪವನ್ನೂ ಸೇರಿಸುತ್ತದೆ. ಇನ್ನು ಮುಂದೆ ಹೀಗೆ ಮಾಡೆನು ಎಂದು ಬಿಟ್ಟಾಗಲೇ ಶುದ್ಧಿ ಎನ್ನುತ್ತದೆ. ಇನ್ನೊಬ್ಬರ ಮನೆಯಿಂದ ಚಿಕ್ಕಪುಟ್ಟ ವಸ್ತು ಕದ್ದವನಿಗೆ ವ್ರತ ವಿಧಿಸುವಾಗಲೂ ಕದ್ದದ್ದನ್ನು ಹಿಂದಿರುಗಿಸಿ ವ್ರತ ಮಾಡಬೇಕು ಎಂದು ಹೇಳುತ್ತದೆ. ಆ ಗ್ರಂಥದಲ್ಲಿ ನಾವು ಇಂದು ತಳ್ಳಿಹಾಕಲೇಬೇಕಾದ ಅನ್ಯಾಯದ ಮಾತುಗಳು ಬೇಕಾದಷ್ಟಿವೆ. ಈ ಒಂದು ಕ್ರಮ ಮಾತ್ರ ಸರಿಯಾದದ್ದು: ಮೊದಲು ವಸ್ತು ಮನೆ ಸೇರಲಿ, ಆಮೇಲೆ ಉಪವಾಸ.

2. ಮಾನ್ವಿಯ ಪಂಡಿತರು

ರಾಯಚೂರು ಸೀಮೆಯ ದಾಸಪರಂಪರೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಒಂದು ಕಥೆ ಇದೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ವಿದ್ವಾಂಸರಿದ್ದರು. ಹುಟ್ಟಿದ್ದು 1728ರಲ್ಲಿ, ಮಾನ್ವಿಗೆ ಹತ್ತಿರದ ಬ್ಯಾಗವಟದಲ್ಲಿ. ಕನ್ನಡದಲ್ಲಿ ಹಾಡು ಕಟ್ಟಿ, ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ ಊರೂರು ತಿರುಗುವ ದಾಸರೆಂದರೆ ಅವರಿಗೆ ಹಗುರ. ಚೀಕಲಪರವಿಯ ವಿಜಯದಾಸರು ಮಾನ್ವಿಗೆ ಬಂದು ಸಂತರ್ಪಣೆ ಏರ್ಪಡಿಸಿ ಆಚಾರ್ಯರನ್ನು ಊಟಕ್ಕೆ ಕರೆದರು. ಆಚಾರ್ಯರಿಗೆ ಹೋಗುವ ಮನಸ್ಸಿಲ್ಲ. ಹೊಟ್ಟೆನೋವು, ತಡವಾಗಿ ಉಂಡರೆ ಆಗದು ಎಂದು ನೆಪ ಹೇಳಿ ಕಳಿಸಿದರು.

ನೆಪವಾಗಿ ಹೇಳಿದ ಆ ಹೊಟ್ಟೆನೋವು ನಿಜವಾಗಿಯೇ ಬಂದು ಅಂಟಿಕೊಂಡಿತು ಎನ್ನುತ್ತದೆ ಕಥೆ. ಔಷಧಕ್ಕೆ ಬಗ್ಗಲಿಲ್ಲ, ಪ್ರಾಣದ ಮೇಲೆ ಬಂತು. ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ರಾಘವೇಂದ್ರಸ್ವಾಮಿಗಳ ಬೃಂದಾವನದ ಮುಂದೆ ಸೇವೆಗೆ ಕುಳಿತರು. ಪ್ರಾರ್ಥನೆಯಲ್ಲಿ ಕೊರತೆಯಿರಲಿಲ್ಲ, ಸಾಯುವವನ ಪ್ರಾರ್ಥನೆ ಅದು. ಸ್ವಾಮಿಗಳಿಂದ ಸಿಕ್ಕ ಸೂಚನೆ ಒಂದೇ: ನೀನು ಯಾರನ್ನು ಹಳಿದೆಯೋ ಆ ವಿಜಯದಾಸರ ಬಳಿಗೆ ಹೋಗು.

ಇಲ್ಲಿ ಸ್ವಲ್ಪ ನಿಲ್ಲೋಣ. ಲಕ್ಷಾಂತರ ಜನ ಕಷ್ಟಕ್ಕೆ ಪರಿಹಾರ ಬೇಡಿ ಬರುವ ಸನ್ನಿಧಿ ಅದು. ಅಲ್ಲಿಯೇ ನೋವನ್ನು ನೀಗಿಸಿಬಿಟ್ಟಿದ್ದರೆ ಕಥೆ ಒಂದು ಪವಾಡವಾಗಿ ಮುಗಿಯುತ್ತಿತ್ತು. ಆದರೆ ನಮ್ಮ ಹಿರಿಯರು ಕಥೆಯನ್ನು ಹಾಗೆ ಕಟ್ಟಲಿಲ್ಲ. ಸನ್ನಿಧಿ ಪ್ರಾರ್ಥನೆಯನ್ನು ಕೇಳಿತು, ಕೇಳಿ ವಿಳಾಸ ಕೊಟ್ಟಿತು. ಆಚಾರ್ಯರು ವಿಜಯದಾಸರ ಕಾಲಿಗೆ ಬಿದ್ದರು. ವಿಜಯದಾಸರು ಹಳೆಯದನ್ನು ಎತ್ತಿ ಆಡಲಿಲ್ಲ, ನನ್ನ ಉಪಕಾರ ನೆನಪಿರಲಿ ಎಂದು ಕಟ್ಟಿಹಾಕಲೂ ಇಲ್ಲ. ಭಕ್ತಿಯಲ್ಲಿ ಭಾಗಣ್ಣ ಎಂದು ಹೆಸರಾದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಜೋಳದ ಭಕ್ಕರಿಯಲ್ಲಿಟ್ಟು ಈ ಪಂಡಿತರಿಗೆ ಧಾರೆಯೆರೆದರು ಎಂದು ಸಂಪ್ರದಾಯ ನಂಬುತ್ತದೆ. ದಾಸರ ಪಂಕ್ತಿಯ ಊಟ ಒಲ್ಲೆ ಎಂದವರು ದಾಸರ ಮನೆಯ ಭಕ್ಕರಿಯಿಂದ ಬದುಕಿದರು.

ಪಶ್ಚಾತ್ತಾಪ ಕಾಲಿಗೆ ಬಿದ್ದಲ್ಲಿಗೆ ಮುಗಿಯಲಿಲ್ಲ. ಪಂಢರಪುರದ ಚಂದ್ರಭಾಗೆಯಲ್ಲಿ ಅಂಕಿತ ಪಡೆದು ಆಚಾರ್ಯರು ಜಗನ್ನಾಥದಾಸರಾದರು. ಯಾವ ಭಾಷೆಯ ಹಾಡುಗಳನ್ನು ಹಗುರವಾಗಿ ಕಂಡಿದ್ದರೋ ಅದೇ ಭಾಷೆಯಲ್ಲಿ, ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಬರೆದರು. ದ್ವೈತ ತತ್ತ್ವವನ್ನು ವಿಸ್ತಾರವಾಗಿ ಹೇಳುವ ಕನ್ನಡ ಕೃತಿ ಅದು. ಮುಂದೆ ಆ ಕನ್ನಡ ಕೃತಿಗೆ ಸಂಸ್ಕೃತದಲ್ಲೇ ವ್ಯಾಖ್ಯಾನ ಹುಟ್ಟಿತು. 1809ರಲ್ಲಿ ತೀರಿಕೊಳ್ಳುವ ತನಕ ಅವರು ದಾಸರಾಗಿಯೇ ಬಾಳಿದರು. ಎಲ್ಲಿ ಅವಮಾನ ಮಾಡಿದ್ದರೋ ಅಲ್ಲಿಯೇ ಜೀವಮಾನದ ದುಡಿಮೆಯನ್ನು ಇಟ್ಟರು. ಆಯುಸ್ಸಿನ ದಾನವನ್ನು ನಂಬದ ಓದುಗರೂ ಈ ದುಡಿಮೆಯನ್ನು ಅಲ್ಲಗಳೆಯಲಾರರು, ಪುಸ್ತಕ ಕೈಯಲ್ಲೇ ಇದೆ.

3. ಅಂಬರೀಷ ಉಪವಾಸವಿದ್ದ ವರ್ಷ

ದಾಸರ ಈ ಕಥೆಗೆ ಭಾಗವತದಲ್ಲಿ ಬೇರಿದೆ. ಒಂಬತ್ತನೆಯ ಸ್ಕಂಧದ ಅಂಬರೀಷನ ಕಥೆ ನಿಮಗೆಲ್ಲ ಗೊತ್ತು. ದ್ವಾದಶಿಯ ಪಾರಣೆಯ ಹೊತ್ತು ಮೀರುತ್ತಿದೆ, ಯಮುನೆಗೆ ಸ್ನಾನಕ್ಕೆ ಹೋದ ಅತಿಥಿ ದೂರ್ವಾಸರು ಬಂದಿಲ್ಲ. ವ್ರತವೂ ಕೆಡದಂತೆ, ಅತಿಥಿಗೂ ಅಪಚಾರವಾಗದಂತೆ ಅರಸ ಬರಿ ನೀರು ಕುಡಿದ. ಅಷ್ಟಕ್ಕೇ ಮುನಿ ಸಿಟ್ಟಾಗಿ ಜಟೆಯಿಂದ ಕೃತ್ಯೆಯೆಂಬ ಮಾರಕ ಶಕ್ತಿಯನ್ನು ಹುಟ್ಟಿಸಿದರು. ಸುದರ್ಶನ ಚಕ್ರ ಅದನ್ನು ಸುಟ್ಟು ಮುನಿಯನ್ನೇ ಅಟ್ಟಿತು. ಬ್ರಹ್ಮನ ಬಳಿ ಓಡಿದರು, ಶಿವನ ಬಳಿ ಓಡಿದರು, ಕೊನೆಗೆ ವೈಕುಂಠದಲ್ಲಿ ವಿಷ್ಣುವಿನ ಪಾದ ಹಿಡಿದರು. ಸಾಕ್ಷಾತ್ ಭಗವಂತನೇ, ನಾನು ಭಕ್ತರ ಅಧೀನ, ಇದು ನನ್ನ ಕೈಯಲ್ಲಿಲ್ಲ, ಅಂಬರೀಷನಲ್ಲಿಗೆ ಹೋಗಿ ಕ್ಷಮೆ ಕೇಳು ಎಂಬ ಅರ್ಥದ ಮಾತು ಹೇಳಿ ಕಳಿಸಿದ.

ಹರಿಕಥೆಗಳಲ್ಲಿ ಚಕ್ರದ ಓಟವನ್ನು ಬಣ್ಣಿಸುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಹೊತ್ತಿನಲ್ಲಿ ಅಂಬರೀಷ ಏನು ಮಾಡುತ್ತಿದ್ದ ಎಂಬುದು. ಮುನಿ ಓಡುತ್ತಿದ್ದುದು ಒಂದು ವರ್ಷ. ಅತಿಥಿ ಉಣ್ಣದೆ ಹೋದನೆಂದು ಆ ವರ್ಷವೆಲ್ಲ ಅರಸ ಊಟ ಮಾಡಲಿಲ್ಲ, ನೀರು ಕುಡಿದುಕೊಂಡೇ ಕಾದ. ದೂರ್ವಾಸರು ಬಂದು ಕಾಲು ಹಿಡಿದಾಗ ನಾಚಿಕೊಂಡ, ಅವರ ಪರವಾಗಿ ತಾನೇ ಚಕ್ರವನ್ನು ಸ್ತುತಿಸಿ ತಣಿಸಿದ. ತಪ್ಪು ಮಾಡಿದವನಿಗಾಗಿ ನೊಂದವನು ಪ್ರಾರ್ಥಿಸುವುದಕ್ಕಿಂತ ಎತ್ತರದ ಪ್ರಾರ್ಥನೆಯನ್ನು ನಾನು ಯಾವ ಗ್ರಂಥದಲ್ಲೂ ಕಂಡಿಲ್ಲ. ದೂರ್ವಾಸರಿಗೆ ಮೂರು ಲೋಕ ಸುತ್ತಿಯೂ ಸಿಗದ ರಕ್ಷಣೆ ಹೊರಟ ಮನೆಯಲ್ಲೇ ಇತ್ತು.

4. ಬೇರೆ ಬೇರೆ ಗ್ರಂಥ, ಒಂದೇ ವಿಧಿ

ಇದು ವೈಷ್ಣವ ಪುರಾಣವೊಂದರ ಮಾತೇ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ನಿಯಮವೆಂದು ಹೇಳುತ್ತಿರಲಿಲ್ಲ. ಯೆಹೂದಿಗಳ ಅತಿ ಪವಿತ್ರವಾದ ಉಪವಾಸದ ದಿನ ಯೋಮ್ ಕಿಪ್ಪುರ್. ದೇವರಿಗೆ ಮಾಡಿದ ತಪ್ಪಿಗೆ ಆ ದಿನ ಪರಿಹಾರ ಕೊಡುತ್ತದೆ, ನೆರೆಯವನಿಗೆ ಮಾಡಿದ ತಪ್ಪಿಗೆ ಅವನನ್ನು ಸಮಾಧಾನ ಮಾಡುವ ತನಕ ಕೊಡದು ಎಂದು ಅವರ ಮಿಷ್ನಾ ಗ್ರಂಥ ಸ್ಪಷ್ಟವಾಗಿ ಬರೆದಿಟ್ಟಿದೆ. 12ನೆಯ ಶತಮಾನದ ಪಂಡಿತ ಮೈಮೊನಿಡೀಸ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿದ. ದುಡ್ಡು ಕೊಟ್ಟು ತೀರಿಸಿದರೂ ಸಾಲದು, ಹೋಗಿ ಕ್ಷಮೆ ಕೇಳಬೇಕು. ಅವನು ಒಪ್ಪದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಕೇಳಬೇಕು, ಹೀಗೆ ಮೂರು ಸಲ.

ಇಸ್ಲಾಮಿನಲ್ಲಿ ತೌಬಾಕ್ಕೆ, ಅಂದರೆ ಪಶ್ಚಾತ್ತಾಪಕ್ಕೆ, ವಿದ್ವಾಂಸರು ಷರತ್ತುಗಳನ್ನು ಎಣಿಸಿದ್ದಾರೆ. 13ನೆಯ ಶತಮಾನದ ಇಮಾಮ್ ನವವಿ ತಮ್ಮ ರಿಯಾದುಸ್ಸಾಲಿಹೀನ್ ಗ್ರಂಥದಲ್ಲಿ ಹೇಳುವಂತೆ ಪಾಪವನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆಂದೂ ಮಾಡೆನೆಂದು ನಿಶ್ಚಯಿಸಬೇಕು. ಇವು ಮೂರು. ಪಾಪ ಇನ್ನೊಬ್ಬ ಮನುಷ್ಯನ ಹಕ್ಕಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯದೂ ಉಂಟು: ಆ ಹಕ್ಕನ್ನು ಅವನಿಗೆ ಮರಳಿಸಬೇಕು. ನಮಾಜು, ಉಪವಾಸ, ಜಕಾತುಗಳ ರಾಶಿ ಹೊತ್ತು ಬಂದರೂ ಪರರನ್ನು ಬೈದು, ಹೊಡೆದು, ಅವರ ಸೊತ್ತನ್ನು ತಿಂದವನು ಅಂತಿಮ ದಿನ ಆ ಪುಣ್ಯವನ್ನೆಲ್ಲ ಅವರಿಗೆ ಹಂಚಿ ದಿವಾಳಿಯಾಗುತ್ತಾನೆ ಎಂಬ ಪ್ರವಾದಿಯವರ ಬೋಧನೆಯನ್ನು ಹದೀಸುಗಳು ಉಳಿಸಿವೆ.

ಕ್ರೈಸ್ತರ ಲೂಕನ ಸುವಾರ್ತೆಯಲ್ಲಿ ಅಕ್ಕಪಕ್ಕದ ಅಧ್ಯಾಯಗಳಲ್ಲಿ ಸುಂಕ ವಸೂಲಿಯವರಿಬ್ಬರು ಬರುತ್ತಾರೆ. 18ನೆಯ ಅಧ್ಯಾಯದ ದೃಷ್ಟಾಂತ ಕಥೆಯಲ್ಲಿ ಒಬ್ಬ ದೇವಾಲಯದಲ್ಲಿ ದೂರ ನಿಂತು, ತಲೆಯೆತ್ತಲಾರದೆ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. 19ನೆಯದರಲ್ಲಿ ಜೆರಿಕೋ ಊರಿನ ಜಕ್ಕಾಯ ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದೂ ಹೇಳುತ್ತಾನೆ. ಒಬ್ಬ ಬೇಡಿದ, ಇನ್ನೊಬ್ಬ ಮರಳಿ ಕೊಟ್ಟ. ಇಬ್ಬರನ್ನೂ ಕೂಡಿಸಿ ಓದಿದಾಗ ಪಶ್ಚಾತ್ತಾಪದ ಪೂರ್ಣ ಚಿತ್ರ ಸಿಗುತ್ತದೆ. ಮತ್ತಾಯನ ಸುವಾರ್ತೆಯ ಬೆಟ್ಟದ ಪ್ರಸಂಗದಲ್ಲಂತೂ, ಬಲಿಪೀಠದ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ದೂರಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನಲ್ಲಿಗೆ ಹೋಗು ಎಂಬ ಆಜ್ಞೆಯೇ ಇದೆ.

ನಮ್ಮ ನಾಡಿನ ಜೈನರು ಭಾದ್ರಪದದ ದಶಲಕ್ಷಣ ಪರ್ವ ಮುಗಿಸಿ ಕ್ಷಮಾವಣಿಯ ದಿನ ಪರಸ್ಪರ ಕ್ಷಮೆ ಕೇಳುತ್ತಾರೆ, ಸಕಲ ಜೀವಿಗಳನ್ನೂ ಕೇಳುತ್ತಾರೆ. ತುಳುನಾಡಿನ ಕೋಲದಲ್ಲಿ ದೈವ ನುಡಿ ಕೊಡುವಾಗ, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಎದುರಿಗೆ ಕರೆಸಿ, ನೀವು ಒಂದಾಗದೆ ನನ್ನ ಸೇವೆ ಪೂರ್ತಿಯಾಗದು ಎನ್ನುವುದುಂಟು. ದೇಶ ಬೇರೆ, ಭಾಷೆ ಬೇರೆ, ದೇವರ ಕಲ್ಪನೆಯೇ ಬೇರೆ. ಪರಸ್ಪರ ಒಪ್ಪದ ಎಷ್ಟೋ ವಿಚಾರಗಳಿರುವ ಈ ಎಲ್ಲ ದಾರಿಗಳು ಇಲ್ಲಿ ಮಾತ್ರ ಕೂಡುತ್ತವೆ.

5. ಹಾಗಾದರೆ ಪ್ರಾರ್ಥನೆ ಏಕೆ?

ಹೋಗಿ ಕ್ಷಮೆ ಕೇಳಿ ನಷ್ಟ ತುಂಬಿಕೊಟ್ಟರೆ ಸಾಕಲ್ಲ, ದೇವರೇಕೆ, ಪ್ರಾರ್ಥನೆಯೇಕೆ ಎಂದು ತರುಣರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರ ನಮ್ಮ ಮನಸ್ಸಿನ ಸ್ವಭಾವದಲ್ಲಿದೆ. ತಪ್ಪು ಮಾಡಿದ ಮರುಕ್ಷಣದಿಂದಲೇ ಮನಸ್ಸು ತನ್ನ ಪರ ವಾದ ಕಟ್ಟಲು ತೊಡಗುತ್ತದೆ. ಅವನೇ ಮೊದಲು ಕೆಣಕಿದ, ಎಲ್ಲರೂ ಮಾಡುವುದೇ ಇದು, ನನ್ನ ಸ್ಥಿತಿಯೂ ಹಾಗಿತ್ತು. ಮನುಷ್ಯರ ಮುಂದೆ ಈ ವಾದ ಗೆಲ್ಲಲೂಬಹುದು. ಎಲ್ಲವನ್ನೂ ಬಲ್ಲವನ ಮುಂದೆ ಒಬ್ಬನೇ ಕುಳಿತಾಗ ಅದಕ್ಕೆ ಕೇಳುಗರಿಲ್ಲ. ಮನಸಾರೆ ಮಾಡುವ ಪ್ರಾರ್ಥನೆಯ ಮೊದಲ ಕೆಲಸ ಈ ವಾದವನ್ನು ನಿಲ್ಲಿಸುವುದು. ಬಸವಣ್ಣನವರ ಎಷ್ಟೋ ವಚನಗಳು ತಮ್ಮ ಮನಸ್ಸಿನ ಕಪಟವನ್ನು ಕೂಡಲಸಂಗಮದೇವನ ಮುಂದೆ ತಾವೇ ಬಿಚ್ಚಿಡುತ್ತವೆ. ಕಲ್ಯಾಣದ ಭಂಡಾರಿಯಾಗಿ ಅಧಿಕಾರದಲ್ಲಿದ್ದವರು ಹಾಗೆ ಬರೆದರು ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಎರಡನೆಯ ಕೆಲಸ ಧೈರ್ಯ ಕೊಡುವುದು. ನೊಂದವರ ಮನೆಯ ಬಾಗಿಲು ತಟ್ಟುವುದಕ್ಕಿಂತ ನೂರು ಪ್ರದಕ್ಷಿಣೆ ಹಾಕುವುದು ಸುಲಭ. ಗಾಂಧೀಜಿಯವರ ಆತ್ಮಕಥೆಯ ಒಂದು ಪ್ರಸಂಗ ನೆನಪಿಸಿಕೊಳ್ಳಿ. ಹದಿನೈದರ ಹುಡುಗ, ಅಣ್ಣನ ಸುಮಾರು 25 ರೂಪಾಯಿ ಸಾಲ ತೀರಿಸಲು ಅಣ್ಣನದೇ ಚಿನ್ನದ ಕಡಗದಿಂದ ಚೂರು ಕದ್ದ. ಸಾಲ ತೀರಿತು, ಮನಸ್ಸು ಸುಡತೊಡಗಿತು. ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಚೀಟಿ ಬರೆದು, ತಕ್ಕ ಶಿಕ್ಷೆ ಕೊಡಿರೆಂದು ಬೇಡಿ, ನಡುಗುತ್ತ ಕಾಯಿಲೆ ಬಿದ್ದ ತಂದೆಯ ಕೈಗೆ ಕೊಟ್ಟ. ತಂದೆ ಓದಿದರು, ಕಣ್ಣೀರು ಹರಿಯಿತು, ಚೀಟಿಯನ್ನು ಹರಿದುಹಾಕಿದರು. ಒಂದು ಬೈಗುಳವೂ ಬರಲಿಲ್ಲ. ತಪ್ಪೊಪ್ಪಿಗೆಯನ್ನು ಸ್ವೀಕರಿಸಲು ಹಕ್ಕುಳ್ಳವರ ಮುಂದೆ, ಮತ್ತೆ ಮಾಡೆನೆಂಬ ಮಾತಿನೊಂದಿಗೆ ಹೇಳಿಕೊಳ್ಳುವುದೇ ಅತ್ಯಂತ ಶುದ್ಧವಾದ ಪಶ್ಚಾತ್ತಾಪ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಇದೇ ಅನುಭವದಿಂದ. ಸ್ವೀಕರಿಸಲು ಹಕ್ಕುಳ್ಳವರ ಮುಂದೆ ಎಂಬ ಷರತ್ತನ್ನು ಗಮನಿಸಿ. ನನ್ನ ಇಡೀ ಉಪನ್ಯಾಸ ಆ ಷರತ್ತಿನ ವಿವರಣೆ.

ಮೂರನೆಯ ಕೆಲಸ ಮತ್ತೆ ಬೀಳದಂತೆ ಕಾಯುವುದು. ಭಾಗವತದ ಆರನೆಯ ಸ್ಕಂಧದಲ್ಲಿ ಪರೀಕ್ಷಿತ ಅರಸ ಶುಕಮುನಿಗೆ ಹಾಕುವ ಪ್ರಶ್ನೆ ಬಹಳ ಚೂಪಾದದ್ದು: ಪಾಪ ಮಾಡಿ, ಪ್ರಾಯಶ್ಚಿತ್ತ ಮಾಡಿ, ಮತ್ತೆ ಅದೇ ಪಾಪ ಮಾಡುವವನದು ಆನೆಯ ಸ್ನಾನವಲ್ಲವೇ, ಮಿಂದು ಬಂದು ಮೈಮೇಲೆ ಮಣ್ಣು ಸುರಿದುಕೊಂಡಂತಲ್ಲವೇ? ಅದಕ್ಕೆ ಉತ್ತರವಾಗಿ ಬರುವುದು ಅಜಾಮಿಳನ ಕಥೆ. ಸಾಯುವಾಗ ಮಗನನ್ನು ನಾರಾಯಣಾ ಎಂದು ಕೂಗಿ ಪಾರಾದ ಎಂಬಷ್ಟನ್ನೇ ನಾವು ಹೇಳಿ ನಿಲ್ಲಿಸುತ್ತೇವೆ. ಮೂಲದಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಒಯ್ಯಲು ಬಂದ ಯಮದೂತರೂ ತಡೆದ ವಿಷ್ಣುದೂತರೂ ಹೋದ ಮೇಲೆ ಅವನು ಬದುಕಿ ಉಳಿಯುತ್ತಾನೆ, ತಾನು ಕೈಬಿಟ್ಟ ಮುದಿ ತಂದೆತಾಯಿಯನ್ನೂ ಹೆಂಡತಿಯನ್ನೂ ನೆನೆದು ಅಳುತ್ತಾನೆ, ಎಲ್ಲ ಬಿಟ್ಟು ಗಂಗಾದ್ವಾರಕ್ಕೆ ಹೋಗಿ ಉಳಿದ ಆಯುಸ್ಸನ್ನು ಸಾಧನೆಯಲ್ಲಿ ಸವೆಸುತ್ತಾನೆ. ನಾಮ ಅವನಿಗೆ ಕೊಟ್ಟದ್ದು ಬದುಕನ್ನು ತಿದ್ದಿಕೊಳ್ಳುವ ಸಮಯ.

6. ಕಷ್ಟದ ಪ್ರಶ್ನೆಗಳು

ನೊಂದವರು ತೀರಿಕೊಂಡಿದ್ದರೆ? ಇಂಥ ಸಂದರ್ಭಕ್ಕೆ ಮೈಮೊನಿಡೀಸ್ ಹತ್ತು ಜನರನ್ನು ಕರೆದುಕೊಂಡು ಸಮಾಧಿಯ ಬಳಿ ಹೋಗಿ, ದೇವರಿಗೂ ಇವರಿಗೂ ನಾನು ಇಂಥ ತಪ್ಪು ಮಾಡಿದೆ ಎಂದು ಗಟ್ಟಿಯಾಗಿ ಹೇಳಬೇಕು, ಬಾಕಿಯಿದ್ದರೆ ವಾರಸುದಾರರಿಗೆ ಕೊಡಬೇಕು ಎನ್ನುತ್ತಾನೆ. ಸತ್ತವರು ಸಿಗದಿದ್ದರೂ ಅವರ ಮಕ್ಕಳು ಸಿಗುತ್ತಾರೆ, ಕೆಡಿಸಿದ ಅವರ ಹೆಸರನ್ನು ಸರಿಪಡಿಸುವುದು ಸಾಧ್ಯವಿರುತ್ತದೆ.

ನೊಂದವರು ಕ್ಷಮಿಸದಿದ್ದರೆ? ಕ್ಷಮೆ ನಮ್ಮ ಹಕ್ಕಲ್ಲ. ಬೌದ್ಧರ ಮಜ್ಝಿಮನಿಕಾಯದಲ್ಲಿ ಅಂಗುಲಿಮಾಲನ ಕಥೆಯಿದೆ. ಕೊಲೆಗಾರ ಭಿಕ್ಷುವಾದ. ಭಿಕ್ಷೆಗೆ ಹೋದಾಗ ಕಲ್ಲು, ಕೋಲುಗಳ ಪೆಟ್ಟು ಬಿದ್ದು ತಲೆ ಒಡೆದು, ಪಾತ್ರೆ ಒಡೆದು, ಹರಿದ ಚೀವರದಲ್ಲಿ ಬುದ್ಧನ ಬಳಿ ಬಂದ. ಬುದ್ಧ ಅವನಿಗೆ ತಾಳಿಕೋ ಎಂದ. ಮನಸ್ಸು ಬದಲಾದವನನ್ನು ಜಗತ್ತು ಕೂಡಲೇ ಅಪ್ಪಿಕೊಳ್ಳಬೇಕೆಂಬ ನಿರೀಕ್ಷೆಯನ್ನು ಬುದ್ಧ ಇಟ್ಟುಕೊಳ್ಳಲಿಲ್ಲ.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಊರ ಪಂಚಾಯ್ತಿಗಳಲ್ಲಿ, ಮನೆತನದ ರಾಜಿಗಳಲ್ಲಿ, ಕೈಮುಗಿದನಲ್ಲ, ಇನ್ನು ಬಿಟ್ಟುಬಿಡು ಎಂದು ನೊಂದವರ ಮೇಲೆಯೇ ಒತ್ತಡ ಹೇರುತ್ತೇವೆ. ಹೆಣ್ಣುಮಕ್ಕಳ ಮೇಲೆ ಈ ಒತ್ತಡ ಹೆಚ್ಚು. ಹೊಡೆದ ಗಂಡನ ಒಂದು ತಪ್ಪಾಯ್ತಿಗೆ ಬದಲಾಗಿ ಹೆಂಡತಿ ದೂರು ಹಿಂತೆಗೆದುಕೊಳ್ಳಬೇಕು, ಅದೇ ಮನೆಗೆ ಮರಳಬೇಕು. ಇಂಥ ಕ್ಷಮಾಪಣೆ ಎರಡನೆಯ ಹಿಂಸೆ. ನಿಜವಾಗಿ ಮರುಗಿದವನು ಕಾನೂನಿನ ಶಿಕ್ಷೆಯನ್ನೂ ಒಪ್ಪಿಕೊಳ್ಳುತ್ತಾನೆ, ದೂರವಿರು ಎಂದರೆ ದೂರವೂ ಇರುತ್ತಾನೆ. ನೊಂದವರ ಮನೆಯ ದಾರಿ ಎಂದು ನಾನು ಹೇಳುವುದು ಅವರ ನೆಮ್ಮದಿ ಕೆಡಿಸುವ ಪರವಾನಗಿಯಲ್ಲ. ಕೆಲವೊಮ್ಮೆ ಬಾಕಿ ತೀರಿಸಿ, ಎದುರಿಗೆ ಹೋಗದೆ ಇರುವುದೇ ಅವರಿಗೆ ತೋರುವ ಗೌರವ.

7. ದೊಡ್ಡವರೂ ಬಿಟ್ಟುಹೋದ ಜಾಗ

ಪಶ್ಚಾತ್ತಾಪಕ್ಕೆ ಹೆಸರಾದವರಲ್ಲೂ ಈ ಒಂದು ಹೆಜ್ಜೆ ಉಳಿದುಹೋದದ್ದುಂಟು. ಹಿಪ್ಪೋದ ಬಿಷಪ್ ಅಗಸ್ಟೀನ್ ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆಯತೊಡಗಿದ ಕನ್ಫೆಷನ್ಸ್ ಪೂರ್ತಿಯಾಗಿ ದೇವರನ್ನು ಕುರಿತ ನಿವೇದನೆ. 430ರಲ್ಲಿ ಸಾವಿನ ಹಾಸಿಗೆಯಲ್ಲಿದ್ದಾಗಲೂ ಅವನು ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ಹಾಕಿಸಿಕೊಂಡು, ಓದಿ ಅಳುತ್ತಿದ್ದ ಎಂದು ಅವನ ಜೀವನಚರಿತ್ರೆ ಬರೆದ ಪೊಸಿಡಿಯಸ್ ಹೇಳುತ್ತಾನೆ. ಪ್ರಾರ್ಥನೆಯಲ್ಲಿ ಅಷ್ಟು ಕರಗಿದ ಮನುಷ್ಯ. ಆದರೂ ವರ್ಷಗಟ್ಟಲೆ ಜೊತೆಗೆ ಬಾಳಿ, ಅವನ ಮಗನನ್ನು ಹೆತ್ತು, ಬೇರೆ ಮದುವೆಯ ಏರ್ಪಾಟಿಗಾಗಿ ಮಿಲಾನಿನಿಂದ ಆಫ್ರಿಕಕ್ಕೆ ಕಳಿಸಲ್ಪಟ್ಟ ಹೆಂಗಸಿನ ಹೆಸರು ಆ ದೊಡ್ಡ ಪುಸ್ತಕದಲ್ಲಿಲ್ಲ. ಅವಳನ್ನು ಅಗಲಿದ ತನ್ನ ನೋವನ್ನು ಅವನು ಬರೆದ, ಅವಳನ್ನು ಉದ್ದೇಶಿಸಿ ಒಂದು ಮಾತೂ ಬರೆಯಲಿಲ್ಲ.

ಅಶೋಕನನ್ನು ನೋಡಿ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಹೋದರು ಎಂದು 13ನೆಯ ಬಂಡೆಶಾಸನದಲ್ಲಿ ಅವನೇ ಎಣಿಕೆ ಕೊಟ್ಟು ಮರುಗುತ್ತಾನೆ. ಗೆದ್ದ ಅರಸ ಹೀಗೆ ಕಲ್ಲಿನ ಮೇಲೆ ಮರುಗಿದ ಉದಾಹರಣೆ ಜಗತ್ತಿನಲ್ಲಿ ವಿರಳ. ಆ ಶಾಸನ ಗಿರ್ನಾರದಲ್ಲಿದೆ, ಕಾಲ್ಸಿಯಲ್ಲಿದೆ, ದೂರದ ಶಹಬಾಜ್‌ಗಢಿಯಲ್ಲಿದೆ. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿ, ಜೌಗಡಗಳಲ್ಲಿ ಅದನ್ನು ಬಿಡಲಾಗಿದೆ. ಅಲ್ಲಿ ಎಲ್ಲ ಪ್ರಜೆಗಳೂ ನನ್ನ ಮಕ್ಕಳು ಎನ್ನುವ, ಅಧಿಕಾರಿಗಳಿಗೆ ನ್ಯಾಯವಾಗಿ ನಡೆಯಲು ಹೇಳುವ ಬೇರೆ ಶಾಸನಗಳಿವೆ. ಆಡಳಿತಗಾರನಿಗೆ ಕಾರಣಗಳಿದ್ದಿರಬಹುದು, ಆ ಬೇರೆ ಮಾತುಗಳೂ ಒಳ್ಳೆಯವೇ. ಆದರೆ ಮರುಕದ ಮಾತು ಯಾರಿಗೆ ಸೇರಬೇಕಿತ್ತೋ ಅವರ ಕಣ್ಣಿಗೆ ಬೀಳಲಿಲ್ಲ.

ನಾವೂ ಸಮಾಜವಾಗಿ ಇದನ್ನೇ ಮಾಡುತ್ತಿಲ್ಲವೇ? ಅಸ್ಪೃಶ್ಯತೆ ಸವರ್ಣ ಹಿಂದೂಗಳ ಪಾಪ, ಅದಕ್ಕೆ ಅವರೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದು ಗಾಂಧೀಜಿ ಜೀವನದುದ್ದಕ್ಕೂ ಸಾರಿದರು, 1933ರ ಮೇ 8ರಿಂದ 21 ದಿನ ಆತ್ಮಶುದ್ಧಿಯ ಉಪವಾಸ ಮಾಡಿದರು. ಅದಕ್ಕೂ ಮೊದಲೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸ್ವಜಾತಿಯ ಬಹಿಷ್ಕಾರವನ್ನು ತಾಳಿಕೊಂಡು ದಲಿತ ಮಕ್ಕಳಿಗೆ ಶಾಲೆ ತೆರೆದರು. ಅದನ್ನು ನಾನು ಒಬ್ಬ ಮನುಷ್ಯ ತನ್ನ ಸಮುದಾಯದ ಪರವಾಗಿ ಮಾಡಿದ ಪ್ರಾಯಶ್ಚಿತ್ತವೆಂದೇ ಕಾಣುತ್ತೇನೆ. ಇಂದು ಸಭೆಗಳಲ್ಲಿ ಸಮಾನತೆಯ ಭಾಷಣ ನಡೆಯುತ್ತದೆ, ಗುಡಿಗಳಲ್ಲಿ ಲೋಕಕಲ್ಯಾಣಕ್ಕೆ ಹೋಮ ನಡೆಯುತ್ತದೆ. ಕೇರಿಗೆ ಹೋಗಿ, ನಮ್ಮ ಹಿರಿಯರಿಂದ ನಿಮ್ಮ ಹಿರಿಯರಿಗೆ ಅನ್ಯಾಯವಾಯಿತು, ನಮ್ಮಿಂದ ಈಗಲೂ ಆಗುತ್ತಿದೆ, ಅದನ್ನು ನಿಲ್ಲಿಸುತ್ತೇವೆ ಎಂದು ಹೇಳಿ, ಬಾವಿ, ಗುಡಿ, ಮನೆಯ ಬಾಗಿಲುಗಳನ್ನು ತೆರೆದ ಊರುಗಳು ಎಷ್ಟಿವೆ? ಅಷ್ಟಾಗದೆ ನಮ್ಮ ಸಾಮೂಹಿಕ ಪ್ರಾರ್ಥನೆಗಳಿಗೆ ಬಲ ಬರಲಾರದು.

8. ಕೊನೆಯದಾಗಿ

ತಪ್ಪು ಮಾಡಿದವರಿಗೆ ದೇವರ ಬಾಗಿಲು ಮುಚ್ಚಿದೆ ಎಂದು ಯಾರಿಗೂ ಅನಿಸದಿರಲಿ. ಅತಿ ದುರಾಚಾರಿಯಾದರೂ ನನ್ನನ್ನೇ ನಂಬಿ ಸರಿಯಾದ ನಿಶ್ಚಯ ಮಾಡಿದವನು ಬೇಗನೆ ಧರ್ಮಾತ್ಮನಾಗುತ್ತಾನೆ ಎಂದು ಗೀತೆಯ 9ನೆಯ ಅಧ್ಯಾಯದಲ್ಲಿ ಕೃಷ್ಣ ಕೊಡುವ ಭರವಸೆಯನ್ನು ನಾನು ಅಕ್ಷರಶಃ ನಂಬುತ್ತೇನೆ. ಆ ನಿಶ್ಚಯ ಎಂಬುದು ಸೋಮವಾರ ಬೆಳಿಗ್ಗೆ ಮಾಡಬೇಕಾದ ಕೆಲಸದ ರೂಪ ತಾಳಬೇಕು ಎಂಬುದಷ್ಟೇ ನನ್ನ ವಿನಂತಿ. ಕೊಡಬೇಕಾದ ಕೂಲಿ ಕೊಡುವುದು, ಸರಿಸಿದ ಕಲ್ಲನ್ನು ಮರಳಿ ಇಡುವುದು, ತಂಗಿಯ ಪಾಲನ್ನು ಅವಳ ಹೆಸರಿಗೆ ಬರೆಸುವುದು, ಹಬ್ಬಿಸಿದ ಸುಳ್ಳನ್ನು ಹಬ್ಬಿಸಿದ ಜಾಗದಲ್ಲೇ ಸುಳ್ಳೆಂದು ಹೇಳುವುದು.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ವಯಸ್ಸಿನಲ್ಲಿ ಬಾಕಿಗಳು ಚಿಕ್ಕವು, ತೀರಿಸುವುದು ಸುಲಭ. ಈಗಲೇ ರೂಢಿ ಮಾಡಿಕೊಳ್ಳಿ. ದಿನವೂ ಪ್ರಾರ್ಥಿಸುವವರು ಪ್ರಾರ್ಥನೆಯ ಕೊನೆಗೆ ಯಾರಿಗಾದರೂ ನನ್ನಿಂದ ನೋವಾಗಿದೆಯೇ ಎಂದು ಕೇಳಿಕೊಳ್ಳಿ. ಹೆಸರೊಂದು ನೆನಪಿಗೆ ಬಂದರೆ ದೇವರು ನಿಮ್ಮ ಪ್ರಾರ್ಥನೆ ಕೇಳಿದನೆಂದೇ ತಿಳಿಯಿರಿ, ಎದ್ದು ಅವರಲ್ಲಿಗೆ ಹೋಗಿ. ಹಾಗೆಯೇ ಯಾರಾದರೂ ನಿಮ್ಮಲ್ಲಿಗೆ ತಲೆತಗ್ಗಿಸಿ ಬಂದರೆ, ನಿಮಗೆ ಸಾಧ್ಯವಾದಷ್ಟು ಮಟ್ಟಿಗೆ, ವಿಜಯದಾಸರ ಹಾಗೆ ನಡೆದುಕೊಳ್ಳಿ.